ಮಟಮಟ ಮಧ್ಯಾಹ್ನ ಹುಳುಗಳು ಬಳ್ಳಿ ಬಿಟ್ಟು ಹೋಗುವುದೇಕೆ?

ಪ್ರಶ್ನೆ: ಕೊಡಗಿನ ನಾಪೋಕ್ಲು ಹತ್ತಿರ ನಮ್ಮ ಕಾಫಿ ತೋಟ. ತೋಟದ ಮೇಲಂಚಿಗೆ ದೇವರಕಾಡು. ಬೇಲಿಯಲ್ಲಿ ಈಶ್ವರಿ ಬಳ್ಳಿ ಹಬ್ಬಿದೆ. ಅದರಲ್ಲಿ ಪ್ರತಿ ವರ್ಷ ಕೆಂಗಪ್ಪು ಬಣ್ಣದ, ಮೈತುಂಬ ಮೆತ್ತನೆಯ ಮುಳ್ಳುಗಳಿರುವ, ನಡುವೆ ಬಿಳಿ ಪಟ್ಟಿಯ ಹುಳುಗಳು ಬರುತ್ತವೆ. ಈ ಸಲ ಕೊಯ್ಲು ಮುಗಿದ ಕೂಡಲೇ ಆಳು ಸಿಕ್ಕರೆಂದು ಆ ಭಾಗದ ನೆರಳುಮರಗಳ ಕೊಂಬೆ ಕಡಿಸಿ ಮರಗಸಿ ಮಾಡಿಸಿಬಿಟ್ಟೆವು, ಸ್ವಲ್ಪ ಜಾಸ್ತಿಯೇ ಆಯಿತು. ಕಾಫಿ ಹೂ ಅರಳಿಸುವ ಹೂಮಳೆಯೂ ಸರಿಯಾಗಿ ಆಗಲಿಲ್ಲ. ಏಪ್ರಿಲ್ ತಿಂಗಳಲ್ಲಿ ಗಂಟೆ ಹನ್ನೆರಡಾದರೆ ಸಾಕು, ಹುಳುಗಳು ತಿನ್ನುವುದನ್ನು ಬಿಟ್ಟು ಬಳ್ಳಿ ಇಳಿದು ಪಕ್ಕದ ಹಲಸಿನ ಮರ ಹತ್ತಿ ಕೂರುತ್ತವೆ. ಎರಡು ಮೂರು ನೆಲಕ್ಕೆ ಬಿದ್ದು ಸತ್ತಂತೆ ಇದ್ದವು. ಸ್ಪ್ರೇಯರ್‌ನಲ್ಲಿ ನೀರು ಹೊಡೆಯೋಣ ಎನ್ನುತ್ತಾಳೆ ಮಗಳು. ಕಾಡಿನ ಹುಳುಗಳು ಸೆಖೆಯನ್ನು ತಡೆದುಕೊಳ್ಳುವುದು ಹೇಗೆ? ನೀರು ಹೊಡೆದರೆ ಪ್ರಯೋಜನ ಉಂಟೇ?

ಉತ್ತರ: ಮೊದಲು ಮಗಳ ಮಾತಿಗೆ ಉತ್ತರ ಹೇಳಿಬಿಡುತ್ತೇನೆ. ಹುಳುಗಳ ಮೈಮೇಲೆ ನೀರು ಹೊಡೆಯುವುದು ಬೇಡ. ಅದರ ಬದಲು ಸಂಜೆ ಬಿಸಿಲು ಇಳಿದ ಮೇಲೆ ಬಳ್ಳಿಯ ಬುಡಕ್ಕೆ ಎರಡು ಕೊಡ ನೀರು ಹಾಕಲಿ, ಬುಡದ ಸುತ್ತ ದರಗು, ಅಂದರೆ ಉದುರಿದ ಒಣ ಎಲೆ, ಹರಡಲಿ. ಸೆಖೆಯಾದದ್ದು ಹುಳುವಿಗೆ, ನೀರು ಬಳ್ಳಿಗೇಕೆ ಎಂದು ಅವಳು ಕೇಳುತ್ತಾಳೆ. ಕೇಳಲೇಬೇಕು. ಈ ಉತ್ತರದ ಮುಕ್ಕಾಲು ಪಾಲು ಅದರಲ್ಲೇ ಇದೆ.

ನೀವು ಕೊಟ್ಟ ಗುರುತುಗಳನ್ನು ನೋಡಿದರೆ ಇವು ಕಾಮನ್ ರೋಸ್ ಚಿಟ್ಟೆಯ ಮರಿಗಳು. ಅದೇ ಬಳ್ಳಿಯಲ್ಲಿ ಕ್ರಿಮ್ಸನ್ ರೋಸ್ ಕೂಡ ಮೊಟ್ಟೆ ಇಡುತ್ತದೆ, ನಮ್ಮ ರಾಜ್ಯದ ಚಿಟ್ಟೆಯಾದ ಸಹ್ಯಾದ್ರಿ ಬರ್ಡ್‌ವಿಂಗ್ ಕೂಡ. ಮೂರೂ ಈಶ್ವರಿ ಬಳ್ಳಿಯ ಬಳಗವನ್ನೇ ನಂಬಿ ಬದುಕುವಂಥವು, ಕಾಫಿಗೋ ಮೆಣಸಿಗೋ ಬಾಯಿ ಹಾಕುವುದಿಲ್ಲ. ಬಳ್ಳಿಯ ವಿಷವನ್ನು ಇವು ಮೈಯಲ್ಲಿ ತುಂಬಿಕೊಳ್ಳುತ್ತವೆ. ಒಮ್ಮೆ ಕುಕ್ಕಿ ನೋಡಿದ ಹಕ್ಕಿ ಮತ್ತೆ ಇವುಗಳ ಸುದ್ದಿಗೆ ಹೋಗುವುದಿಲ್ಲ. ಈ ವಿಷದ ಸಂಗತಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. (ಮೈಮೇಲೆ ಕೂದಲೇ ಇಲ್ಲದಿದ್ದರೂ ಇವನ್ನೂ ಕಂಬಳಿಹುಳು ಎನ್ನುವುದು ನಮ್ಮ ರೂಢಿ. ನನ್ನ ಬಾಯಲ್ಲೂ ಹಾಗೇ ಬರುತ್ತದೆ.)

ನಮಗೆ ಸೆಖೆಯಾದರೆ ಬೆವರುತ್ತೇವೆ, ನಾಯಿ ನಾಲಿಗೆ ಚಾಚಿ ತೇಕುತ್ತದೆ. ಹುಳುವಿಗೆ ಈ ಎರಡೂ ದಾರಿ ಇಲ್ಲ. ಹೊರಗಿನ ಬಿಸಿಯೇ ಅದರ ಒಳಗಿನ ಬಿಸಿ. ಮೈಯ ಬಹುಪಾಲು ನೀರೇ ಆದರೂ ಅದನ್ನು ಆವಿಯಾಗಿಸಿ ತಂಪಾಗುವಷ್ಟು ದಾಸ್ತಾನು ಅದರಲ್ಲಿಲ್ಲ, ಎರಡು ಮೂರು ಗ್ರಾಂ ತೂಕದ ಜೀವ ಎಷ್ಟೆಂದು ನೀರು ಖರ್ಚು ಮಾಡೀತು? ಹಾಗಾಗಿ ಇದ್ದ ನೀರನ್ನು ಕಾಪಾಡಿಕೊಳ್ಳುವುದೇ ಅದರ ದೊಡ್ಡ ಕೆಲಸ. ಚರ್ಮದ ಮೇಲೆ ಮೇಣದ ತೆಳು ಲೇಪವಿದೆ. ಪಕ್ಕೆಗಳಲ್ಲಿ ಸಾಲಾಗಿ ಒಂಬತ್ತು ಜೊತೆ ಉಸಿರುರಂಧ್ರಗಳಿವೆ, ಅವನ್ನು ಬೇಕೆಂದಾಗ ಮುಚ್ಚಿಕೊಳ್ಳಬಲ್ಲದು. ಆದರೆ ಬಿಸಿ ಏರಿದಂತೆಲ್ಲ ಮೈಯೊಳಗಿನ ಕೆಲಸವೂ ಜೋರಾಗುತ್ತದೆ, ಹತ್ತು ಡಿಗ್ರಿ ಏರಿದರೆ ಸುಮಾರು ಎರಡರಷ್ಟು. ಕೆಲಸ ಜೋರಾದರೆ ಉಸಿರು ಹೆಚ್ಚು ಬೇಕು, ಉಸಿರಿಗಾಗಿ ರಂಧ್ರ ತೆರೆಯಬೇಕು, ತೆರೆದರೆ ನೀರು ಹೋಯಿತು. ಸೆಖೆಯ ಪೆಟ್ಟು ಬೀಳುವುದು ಈ ಇಕ್ಕಟ್ಟಿನಲ್ಲಿ.

ರೇಷ್ಮೆ ಬೆಳೆಗಾರರನ್ನು ಕೇಳಿದರೆ ಇದನ್ನು ಇನ್ನೂ ಚೆನ್ನಾಗಿ ಹೇಳುತ್ತಾರೆ. ಚಾಕಿ ಹುಳುವಿಗೆ, ಅಂದರೆ ಎಳೆಯ ಮರಿಗೆ, 26ರಿಂದ 28 ಡಿಗ್ರಿ ಇರಬೇಕು, ನಾಲ್ಕನೇ ಜ್ವರ ಎದ್ದ (ನಾಲ್ಕನೇ ಸಲ ಪೊರೆ ಕಳಚಿದ) ದೊಡ್ಡ ಹುಳುವಿಗೆ 23ರಿಂದ 25 ಸಾಕು ಎನ್ನುವುದು ಅವರ ಲೆಕ್ಕ. ಮರಿಯಲ್ಲಿ ಹಿತವಾಗಿದ್ದ ಬಿಸಿ ಬೆಳೆದ ಮೇಲೆ ಹಿತವಲ್ಲ. ಬೇಸಿಗೆಯಲ್ಲಿ ಸಾಕಾಣಿಕೆ ಮನೆಯ ಕಿಟಕಿಗೆ ಒದ್ದೆ ಗೋಣಿ ಕಟ್ಟುವುದು ಅದಕ್ಕೇ. ಕಾಡಿನ ಹುಳುವಿಗೆ ಗೋಣಿ ಕಟ್ಟುವವರು ಯಾರೂ ಇಲ್ಲ. ಅದರ ಒದ್ದೆ ಗೋಣಿ ಎಂದರೆ ಕಾಲಡಿಯ ಎಲೆ.

ಇದನ್ನು ನೀವೇ ಪರೀಕ್ಷಿಸಿ. ಮಧ್ಯಾಹ್ನ ಒಂದು ಗಂಟೆಗೆ ಬೇಲಿ ಹತ್ತಿರ ಹೋಗಿ, ಬಿಸಿಲಿಗೆ ಮೈಕೊಟ್ಟು ಜೋತುಬಿದ್ದ ಎಲೆಯೊಂದನ್ನು ಎರಡು ಬೆರಳ ನಡುವೆ ಹಿಡಿಯಿರಿ. ಆಮೇಲೆ ಬುಡದ ಕಡೆ ನೆರಳಲ್ಲಿರುವ ಎಲೆಯೊಂದನ್ನು ಹಿಡಿಯಿರಿ. ಮೊದಲಿನದು ಕಾಗದದಂತೆ ಬೆಚ್ಚಗೆ, ಎರಡನೆಯದು ಹಸಿಯಾಗಿ ತಣ್ಣಗೆ. ಎಲೆಯ ಅಡಿಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿವೆ, ಅವುಗಳಿಂದ ನೀರಾವಿ ಸದಾ ಹೊರಬರುತ್ತಿರುತ್ತದೆ. ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಾಗುತ್ತದಲ್ಲ, ಅದೇ ತಂತ್ರ. ಬೇರಿಗೆ ನೀರು ಸಿಗುತ್ತಿರುವವರೆಗೆ ಎಲೆ ಸುತ್ತಲಿನ ಗಾಳಿಗಿಂತಲೂ ತಂಪಾಗಿರಬಲ್ಲದು. ನೆಲ ಒಣಗಿದಾಗ ಬಳ್ಳಿ ತನ್ನ ಜೀವ ಉಳಿಸಿಕೊಳ್ಳಲು ಆ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ಆಗ ಅದೇ ಎಲೆ ಬಿಸಿಲಿನಲ್ಲಿ ಗಾಳಿಗಿಂತ ಐದಾರು ಡಿಗ್ರಿ, ಗಾಳಿಯಾಡದ ಮೂಲೆಯಾದರೆ ಹತ್ತು ಡಿಗ್ರಿವರೆಗೂ ಹೆಚ್ಚು ಕಾಯಬಹುದು. ಹುಳುವಿಗೆ ನೀರು ಸಿಗುವುದೂ ಎಲೆಯಿಂದಲೇ, ಹಾಗಾಗಿ ಬಾಡಿದ ಎಲೆ ಅದಕ್ಕೆ ಎರಡು ಕಡೆಯಿಂದ ನಷ್ಟ. ಬುಡಕ್ಕೆ ನೀರು ಹಾಕಿ ಎಂದದ್ದು ಇದಕ್ಕೆ. ಮೈಮೇಲೆ ಹೊಡೆದ ನೀರು ಐದು ನಿಮಿಷದಲ್ಲಿ ಆರುತ್ತದೆ, ಪುಟ್ಟ ಮರಿಗಳನ್ನು ಕೊಚ್ಚಿ ಕೆಳಗೂ ಬೀಳಿಸುತ್ತದೆ. ಔಷಧಿ ಹೊಡೆದ ಸ್ಪ್ರೇಯರ್ ಆಗಿದ್ದರಂತೂ ಕಥೆ ಅಲ್ಲಿಗೇ ಮುಗಿಯಿತು.

ಮಡಿಕೇರಿಯಲ್ಲಿ 30 ಡಿಗ್ರಿ ಎಂದು ಪತ್ರಿಕೆಯಲ್ಲಿ ಓದಿ, ಇಷ್ಟಕ್ಕೆಲ್ಲ ಹುಳು ಸಾಯುತ್ತದೆಯೇ ಎಂದು ಕೇಳುವವರಿದ್ದಾರೆ. ಆ 30 ಬಿಳಿ ಬಣ್ಣ ಬಳಿದ, ಗಾಳಿಯಾಡುವ ಪೆಟ್ಟಿಗೆಯೊಳಗೆ ನೆರಳಲ್ಲಿ ಅಳೆದದ್ದು. ನಿಮ್ಮ ಬೇಲಿಯ ಎಲೆ ಅದೇ ಹೊತ್ತಿನಲ್ಲಿ 40ರ ಹತ್ತಿರ ಇರಬಹುದು. ಬಹಳಷ್ಟು ಜಾತಿಯ ಹುಳುಗಳು ಕಾಲಿನ ಹಿಡಿತ ಕಳೆದುಕೊಳ್ಳುವುದು 40ರಿಂದ ಸ್ವಲ್ಪ ಮೇಲಕ್ಕೆ. ಅಂತರ ಎಷ್ಟು ಕಡಿಮೆ ನೋಡಿ. ಉಷ್ಣವಲಯದ ಕೀಟಗಳ ಪಾಡೇ ಹಾಗೆ. ವರ್ಷವಿಡೀ ಹೆಚ್ಚು ಏರಿಳಿತವಿಲ್ಲದ ಹವೆಗೆ ಹೊಂದಿಕೊಂಡು, ತಮ್ಮ ಮೇಲಿನ ಮಿತಿಯ ಮಗ್ಗುಲಲ್ಲೇ ಬದುಕುತ್ತಿವೆ. ಚಳಿದೇಶದ ಹುಳುವಿಗೆ ಎರಡು ಡಿಗ್ರಿ ಏರಿದರೆ ಹಬ್ಬ, ನಮ್ಮ ಹುಳುವಿಗೆ ಹಾಗಲ್ಲ. ಎಲೆಯ ಬಿಸಿ ಅಳೆಯುವ ಆಸೆ ಇದ್ದರೆ ಇನ್‌ಫ್ರಾರೆಡ್ ಗನ್ ಸಿಗುತ್ತದೆ. ಆದರೆ ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದದ್ದನ್ನು ತರಬೇಡಿ, ಅದು ಮನುಷ್ಯರ ಜ್ವರಕ್ಕಷ್ಟೇ ಲಾಯಕ್ಕು.

ಇನ್ನು ಹನ್ನೆರಡು ಗಂಟೆಯ ಆ ನಡಿಗೆಯ ವಿಷಯ. ಸೆಖೆಗೆ ಹುಳುವಿನ ಮೊದಲ ಮದ್ದು ಜಾಗ ಬದಲಿಸುವುದು. ಎಲೆಯ ಮೇಲಿಂದ ಅಡಿಗೆ ಹೋಗುವುದು ಬಹಳಷ್ಟು ಹುಳುಗಳು ಮಾಡುವ ಕೆಲಸ. ಅದು ಸಾಲದಿದ್ದಾಗ ಬಳ್ಳಿಯನ್ನೇ ಬಿಡುವುದು. ಇಲ್ಲಿ ವಿಷದ ಸಂಗತಿ ನೆನಪಿಸಿಕೊಳ್ಳಿ. ನಿಮ್ಮ ಕಿತ್ತಳೆ ಗಿಡದಲ್ಲೋ ಹಿತ್ತಿಲ ಕರಿಬೇವಿನಲ್ಲೋ ಎಲೆಯ ಬಣ್ಣಕ್ಕೆ ಬಣ್ಣ ಬೆರೆಸಿ ಕೂರುವ ಹಸಿರು ಹುಳು ಹಾಡಹಗಲು ನಡೆದಾಡಿದರೆ ಪಿಕಳಾರದ ಬಾಯಿಗೆ ತುತ್ತು. ಅದು ಸೆಖೆಯನ್ನು ಸಹಿಸಿಕೊಂಡು ಕೂತಲ್ಲೇ ಕೂರುತ್ತದೆ. ಈಶ್ವರಿ ಬಳ್ಳಿಯ ಹುಳುವಿಗೆ ಆ ಹೆದರಿಕೆ ಕಡಿಮೆ. ಮೂರು ಮಾರು ನೆಲ ದಾಟಿ ಹಲಸಿನ ಮರದವರೆಗೆ ರಾಜಾರೋಷವಾಗಿ ಹೋಗಬಲ್ಲದು.

ಹಲಸಿನ ಮರವೇ ಏಕೆ? ಇದು ನನಗೆ ಬಹಳ ಇಷ್ಟವಾದ ಲೆಕ್ಕ. ಏಪ್ರಿಲ್ 20 ಕಳೆದ ಮೇಲಿನ ದಿನಗಳಲ್ಲಿ ಕೊಡಗಿನ ಮಟ್ಟಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ನೆಟ್ಟ ಕೋಲಿಗೆ ನೆರಳೇ ಬೀಳುವುದಿಲ್ಲ. ಆಗ ಅಂಗೈಯಂತೆ ಹರಡಿಕೊಂಡ ಎಲೆಗೆ ಬಿಸಿಲು ಪೂರ್ತಿ ಬೀಳುತ್ತದೆ. ನೆಟ್ಟಗೆ ನಿಂತ ಕಾಂಡಕ್ಕೆ ಅದೇ ಬಿಸಿಲು ಸವರಿಕೊಂಡು ಹೋಗುತ್ತದೆ ಅಷ್ಟೇ. ಎರಡು ಗಂಟೆಯ ಹೊತ್ತಿಗೆ ಕಾಂಡದ ಮೂಡು ಮಗ್ಗುಲು ಪೂರ್ತಿ ನೆರಳು. ನಿಮ್ಮ ಹುಳುಗಳು ಯಾವ ಮಗ್ಗುಲಲ್ಲಿ ಕೂರುತ್ತವೆ, ನೋಡಿ. ನೆಲದಿಂದ ಮೇಲೇರುವುದರಲ್ಲೂ ಲಾಭವಿದೆ, ಬಿಸಿಲಿಗೆ ಕಾದ ಬರಿನೆಲವೇ ಎಲ್ಲಕ್ಕಿಂತ ಹೆಚ್ಚು ಸುಡುವ ಜಾಗ. ಅಮೆರಿಕದ ಮರುಭೂಮಿಯಲ್ಲಿ ಹೈಲಿಸ್ ಎಂಬ ಪತಂಗದ ಹುಳು ಸೆಖೆ ಏರಿದಂತೆ ಗಿಡದ ತುದಿಗೆ ಹತ್ತುತ್ತದೆ. ನೆಲದ ಕಾವಿನಿಂದ ದೂರ, ಗಾಳಿಗೆ ಹತ್ತಿರ.

ನಿಮ್ಮ ಹುಳುಗಳಿಗೆ ದೂರದ ನೆಂಟರೊಬ್ಬರೂ ಆ ದೇಶದಲ್ಲಿದ್ದಾರೆ. ಪೈಪ್‌ವೈನ್ ಸ್ವಾಲೋಟೇಲ್ ಎಂದು ಹೆಸರು, ಈಶ್ವರಿ ಬಳ್ಳಿಯ ಬಳಗವೇ ಅದಕ್ಕೂ ಊಟ. ಅದರ ಮರಿಗಳು ತಂಪು ಪ್ರದೇಶದಲ್ಲಿ ಕಪ್ಪು, ಪಶ್ಚಿಮ ಟೆಕ್ಸಸ್‌ನ ಕಡು ಬಿಸಿಲಲ್ಲಿ ಕೆಂಪು. ಕಪ್ಪು ಬಿಸಿಲಿನಲ್ಲಿ ಬೇಗ ಕಾಯುತ್ತದೆ, ಕೆಂಪು ಅಷ್ಟು ಕಾಯುವುದಿಲ್ಲ. 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಬಣ್ಣವನ್ನೂ ನಡಿಗೆಯನ್ನೂ ಒಟ್ಟಿಗೆ ನೋಡಿತು. ಸೆಖೆ ಮಿತಿಮೀರಿದಾಗ ಮರಿಗಳು ತಮ್ಮ ಬಳ್ಳಿ ಬಿಟ್ಟು ಪಕ್ಕದ ಎತ್ತರದ ಗಿಡ ಏರುತ್ತವೆ. ಕೆಂಪು ಮರಿಗಳು ಹೀಗೆ ಓಡುವುದು ಕಪ್ಪು ಮರಿಗಳಿಗಿಂತ ಕಡಿಮೆ. ನಿಮ್ಮ ಹುಳುಗಳ ಕೆಂಗಪ್ಪಿಗೂ ಇದೇ ಕಾರಣವೆಂದು ಹಿಡಿಯಬೇಡಿ, ಅವುಗಳ ಹುಟ್ಟುಬಣ್ಣವೇ ಅದು. ನಡಿಗೆ ಮಾತ್ರ ಎರಡೂ ಕಡೆ ಒಂದೇ. ಟೆಕ್ಸಸ್‌ನವರು ಅಲ್ಲಿ ಗಿಡದ ಕಡ್ಡಿ ಹತ್ತಿದರೆ ನಾಪೋಕ್ಲಿನವರು ಇಲ್ಲಿ ಹಲಸು ಹತ್ತುತ್ತಾರೆ.

ಎಲ್ಲ ಹುಳುಗಳೂ ನಡೆದೇ ಬದುಕುವುದಿಲ್ಲ. ಕೆಲವು ಮನೆ ಕಟ್ಟಿಕೊಳ್ಳುತ್ತವೆ. ನಿಮ್ಮಲ್ಲಿ ಅರಿಶಿನವೋ ಶುಂಠಿಯೋ ಇದ್ದರೆ ಅಂಚು ಮಡಚಿ ಕೊಳವೆಯಾದ ಎಲೆಯೊಂದನ್ನು ಬಿಡಿಸಿ ನೋಡಿ. ಗ್ರಾಸ್ ಡೀಮನ್ ಚಿಟ್ಟೆಯ ತಿಳಿಹಸಿರು ಮರಿ ಒಳಗೆ ಇರುತ್ತದೆ, ಹಗಲೆಲ್ಲ ಅಲ್ಲೇ. ಬಾಳೆ ಎಲೆಯನ್ನು ಸುರುಳಿ ಸುತ್ತುವ ಹುಳುವಿನದು ಇನ್ನೂ ಅಚ್ಚುಕಟ್ಟು. ಸುರುಳಿ ಬಿಡಿಸಿದರೆ ಬೆರಳಿಗೆ ಬಿಳಿ ಪುಡಿ ಮೆತ್ತುತ್ತದೆ, ಮೈತುಂಬ ಗೋದಿಹಿಟ್ಟಿನಲ್ಲಿ ಹೊರಳಿಸಿದಂತೆ. ಅದು ಮೇಣದ ಪುಡಿ. ಏಲಕ್ಕಿ, ಶುಂಠಿಯ ಕಾಂಡ ಕೊರೆಯುವ ಹುಳುವಿಗೆ ಗೋಡೆಯೇ ಊಟ, ಒಳಗೆ ಸದಾ ತೇವ. ಏಲಕ್ಕಿ ಕಾಡಿನಲ್ಲಿ ಮರದ ಬೊಡ್ಡೆಗೆ ನೂರಾರು ಸಂಖ್ಯೆಯಲ್ಲಿ ಒತ್ತೊತ್ತಾಗಿ ಅಂಟಿಕೊಂಡಿರುವ ನಿಜವಾದ ಕಂಬಳಿಹುಳುಗಳನ್ನು ನೀವು ನೋಡಿರುತ್ತೀರಿ, ನೋಡಿದ್ದಕ್ಕಿಂತ ಹೆಚ್ಚಾಗಿ ತುರಿಸಿಕೊಂಡಿರುತ್ತೀರಿ. ಅವು ಹಗಲು ಬೊಡ್ಡೆಯಲ್ಲಿ ಕೂತು ರಾತ್ರಿ ಮೇಯುತ್ತವೆ. ಆ ಕೂದಲು ಎರಡು ಅಲಗಿನ ಕತ್ತಿ. ನೇರ ಬಿಸಿಲು ಚರ್ಮಕ್ಕೆ ತಾಗದಂತೆ ತಡೆಯುತ್ತದೆ, ಆದರೆ ಒಳಗಿನ ಕಾವನ್ನು ಗಾಳಿ ಹೊತ್ತೊಯ್ಯದಂತೆಯೂ ತಡೆಯುತ್ತದೆ. ಕಂಬಳಿ ಹೊದ್ದವರು ಬಿಸಿಲಿಗೆ ಬಾರದಿರುವುದೇ ಕ್ಷೇಮ.

ಇವೆಲ್ಲಕ್ಕಿಂತ ಜಾಣ ಉಪಾಯ ಕ್ಯಾಲೆಂಡರ್ ನೋಡಿ ನಡೆಯುವುದು. ಈ ಕಂಬಳಿಹುಳುಗಳು ಬೇಸಿಗೆಯ ಹೊತ್ತಿಗೆ ಮಣ್ಣಿನಲ್ಲಿ ಕೋಶವಾಗಿ ಮಲಗಿರುತ್ತವೆ, ಮುಂಗಾರು ಹಿಡಿದಾಗ ಪತಂಗವಾಗಿ ಏಳುತ್ತವೆ. ತಿತಿಮತಿ ಕಡೆಯ ತೇಗದ ತೋಪುಗಳನ್ನು ಮಾರ್ಚ್‌ನಲ್ಲಿ ನೋಡಿದರೆ ಬರೀ ಕಡ್ಡಿ. ಎಲೆಯೇ ಇಲ್ಲದ ಮೇಲೆ ಹುಳು ಎಲ್ಲಿಂದ? ಮುಂಗಾರುಪೂರ್ವ ಮಳೆಗೆ ಚಿಗುರು ಬಂದ ಮೇಲೆಯೇ ಎಲೆತಿನ್ನುವ ಹುಳುವಿನ ದಂಡು ಏಳುವುದು. ಅದು ಕೂಡ ಎಲೆಯಂಚನ್ನು ಮಡಚಿ ರೇಷ್ಮೆ ನೂಲಿನಿಂದ ಹೊಲಿದು ಒಳಗೆ ಕೂರುತ್ತದೆ.

ಜಾಗ ಬದಲಿಸಿಯೂ ತಪ್ಪಿಸಿಕೊಳ್ಳಲಾಗದ ಬಿಸಿ ಮೈಯೊಳಗೆ ಇಳಿದರೆ ಜೀವಕೋಶಗಳದೇ ಒಂದು ತುರ್ತು ವ್ಯವಸ್ಥೆ ಇದೆ. ಬಿಸಿಗೆ ಪ್ರೋಟೀನುಗಳು ತಮ್ಮ ಆಕಾರ ಕಳೆದುಕೊಂಡು ಒಂದಕ್ಕೊಂದು ಅಂಟತೊಡಗುತ್ತವೆ, ಮೊಟ್ಟೆಯ ಲೋಳೆ ಬೆಂದು ಗಟ್ಟಿಯಾಗುವಂತೆ. ಅವನ್ನು ಹಿಡಿದು ಮತ್ತೆ ಸರಿಯಾಗಿ ಮಡಚಿಡುವ ಬೇರೆ ಪ್ರೋಟೀನುಗಳನ್ನು ಜೀವಕೋಶ ಆಗ ಅವಸರದಲ್ಲಿ ತಯಾರಿಸುತ್ತದೆ. ಇದರ ಮೊದಲ ಸುಳಿವು 1962ರಲ್ಲಿ ಸಿಕ್ಕಿದ್ದು ಆಕಸ್ಮಿಕವಾಗಿ. ಇಟಲಿಯ ಫೆರುಚಿಯೊ ರಿಟೊಸಾ ಹಣ್ಣುನೊಣದ ಮರಿಗಳ ಮೇಲೆ ಕೆಲಸ ಮಾಡುತ್ತಿದ್ದಾಗ ಪ್ರಯೋಗಾಲಯದಲ್ಲಿ ಯಾರೋ ಇನ್‌ಕ್ಯುಬೇಟರಿನ ಬಿಸಿ ಏರಿಸಿಬಿಟ್ಟಿದ್ದರು. ಮರಿಗಳ ವರ್ಣತಂತುಗಳಲ್ಲಿ ಹಿಂದೆ ಕಾಣದ ಉಬ್ಬುಗಳು ಕಾಣಿಸಿದವು, ಆ ಪ್ರೋಟೀನುಗಳ ತಯಾರಿ ಶುರುವಾದ ಗುರುತು ಅದು. ಈ ರಿಪೇರಿ ಕೆಲಸ ಪುಕ್ಕಟೆಯಲ್ಲ. ಬೆಳವಣಿಗೆಗೆ ಹೋಗಬೇಕಾದ ಶಕ್ತಿ ಇದಕ್ಕೆ ಹೋಗುತ್ತದೆ. ತಂಪಾದ ರಾತ್ರಿ ಸಿಕ್ಕರೆ ಹುಳು ಚೇತರಿಸಿಕೊಳ್ಳುತ್ತದೆ. ರಾತ್ರಿಯೂ ಸೆಖೆ ಬಿಡದಿದ್ದರೆ ಸಾಲ ತೀರುವುದೇ ಇಲ್ಲ. ಕೊಡಗಿನ ಹುಳುಗಳ ಭಾಗ್ಯವೆಂದರೆ ಏಪ್ರಿಲ್‌ನಲ್ಲೂ ಇಲ್ಲಿ ಬೆಳಗಿನ ಜಾವಕ್ಕೆ ಹೊದಿಕೆ ಬೇಕಾಗುವುದು.

ನೆಲಕ್ಕೆ ಬಿದ್ದ ಎರಡು ಮೂರರ ಬಗ್ಗೆ. ಹುಳುವಿನ ಹೊಟ್ಟೆಯಡಿಯ ಹುಸಿಗಾಲುಗಳಲ್ಲಿ ಸಣ್ಣ ಕೊಕ್ಕೆಗಳಿರುತ್ತವೆ. ಬಿಸಿ ಮಿತಿ ಮೀರಿದಾಗ ಸ್ನಾಯು ಸೋತು ಕೊಕ್ಕೆ ಜಾರುತ್ತದೆ, ಹುಳು ಬೀಳುತ್ತದೆ. ಅದು ಸಾವೇ ಆಗಬೇಕಿಲ್ಲ, ಒಂದು ಬಗೆಯ ಮೂರ್ಛೆ. ನೆರಳಿನ ದರಗಿನ ಮೇಲೆ ಬಿದ್ದರೆ ಗಂಟೆಯೊಳಗೆ ಎದ್ದು ನಡೆಯಬಹುದು, ಕಾದ ಬರಿನೆಲದ ಮೇಲೆ ಬಿದ್ದರೆ ಏಳುವುದಿಲ್ಲ. ಓದುವ ಕಾಲದಲ್ಲಿ ನಾನು ಭಾಗಮಂಡಲದಿಂದ ತಂದ ಹನ್ನೊಂದು ಹುಳುಗಳನ್ನು ಮುಚ್ಚಳಕ್ಕೆ ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟು ಕಾಫಿ ಕುಡಿಯಲು ಹೋಗಿದ್ದೆ. ಇಪ್ಪತ್ತು ನಿಮಿಷ. ಬಂದು ನೋಡಿದರೆ ಎಲ್ಲವೂ ಡಬ್ಬಿಯ ತಳದಲ್ಲಿ. ಒದ್ದೆ ಕರವಸ್ತ್ರದ ಮೇಲೆ ನೆರಳಲ್ಲಿ ಹರಡಿದೆ, ನಾಲ್ಕು ಎದ್ದವು. ಅವುಗಳಲ್ಲಿ ಚಿಟ್ಟೆಯಾದದ್ದು ಒಂದೇ, ಅದೂ ಸಣ್ಣದು.

ಹಾಗೆಯೇ ಎಲ್ಲ ಸಾವಿಗೂ ಸೆಖೆಯನ್ನೇ ದೂರಬೇಡಿ. ಹುಳು ತುದಿಯ ಕಡ್ಡಿಯಲ್ಲಿ ಹುಸಿಗಾಲಿನಿಂದ ತಲೆಕೆಳಗಾಗಿ ಜೋತು, ಮುಟ್ಟಿದರೆ ಒಡೆದು ಕಂದು ನೀರು ಸೋರಿದರೆ ಅದು ವೈರಸ್ ರೋಗ. ಸಾಯುವ ಮುಂಚೆ ಎತ್ತರಕ್ಕೆ ಹತ್ತಿಸುವುದು ಆ ರೋಗದ ಲಕ್ಷಣವೇ. ಮೈಮೇಲೆ ಅಕ್ಕಿಕಾಳಿಗಿಂತ ಸಣ್ಣ ಬಿಳಿ ಗೂಡುಗಳು ಅಂಟಿದ್ದರೆ ಅದು ಹುಳುವಿನ ಮೈಯನ್ನೇ ತಿಂದು ಮರಿ ಬೆಳೆಯುವ ಪರಾವಲಂಬಿ ಕಣಜದ ಕೆಲಸ. ಸೆಖೆಯಲ್ಲಿ ಸತ್ತದ್ದು ಸುಕ್ಕಾಗಿ ಒಣಗುತ್ತದೆ, ಒಡೆಯುವುದಿಲ್ಲ.

ಕಣಜದ ಮಾತು ಬಂದದ್ದರಿಂದ ಇನ್ನೊಂದು. ಬೇಸಿಗೆ ಸುಟ್ಟರೆ ಹುಳದ ಕಾಟವಾದರೂ ತಪ್ಪುತ್ತದೆ ಎಂದು ತೋಟಗಾರರು ಸಮಾಧಾನಪಟ್ಟುಕೊಳ್ಳುವುದುಂಟು. ತಂಬಾಕಿನ ಹಾರ್ನ್‌ವರ್ಮ್ ಹುಳುವಿನಲ್ಲಿ ಚೆನ್ನಾಗಿ ನೋಡಿದ ಸಂಗತಿ ಇದು: ಹುಳು ತಡೆದುಕೊಳ್ಳುವ ಬಿಸಿಗೆ ಅದರ ಹೊಟ್ಟೆಯೊಳಗಿನ ಕಣಜದ ಮರಿಗಳು ಸಾಯುತ್ತವೆ. ಮಿತ್ರ ಮೊದಲು ಹೋಗುತ್ತಾನೆ, ಶತ್ರು ಉಳಿಯುತ್ತಾನೆ. ನಿಮ್ಮಲ್ಲಿ ಅರೇಬಿಕಾ ಕಾಫಿ ಇದ್ದರೆ ಇನ್ನೂ ನೇರವಾದ ಉದಾಹರಣೆ ನಿಮಗೇ ಗೊತ್ತು. ಬಿಳಿ ಕಾಂಡಕೊರಕ ದುಂಬಿ ಮೊಟ್ಟೆಯಿಡಲು ಹುಡುಕುವುದು ಬಿಸಿಲು ಬೀಳುವ ಕಾಂಡವನ್ನೇ.

ಆದ್ದರಿಂದ ಬರುವ ವರ್ಷ ಆ ಮೇಲಂಚಿನ ಮರಗಸಿಯನ್ನು ಮುಂಗಾರಿಗೆ ಸ್ವಲ್ಪ ಮುಂಚಿನವರೆಗೆ ತಳ್ಳಿ. ಆಳಿನ ಕಷ್ಟ ನನಗೂ ಗೊತ್ತು, ಇಡೀ ತೋಟಕ್ಕೆ ಹೇಳುತ್ತಿಲ್ಲ, ದೇವರಕಾಡಿಗೆ ತಾಗಿದ ಹತ್ತಿಪ್ಪತ್ತು ಮರಗಳಿಗೆ ಮಾತ್ರ. ಖಾಲಿ ಜಾಗದಲ್ಲಿ ಸಿಲ್ವರ್ ಓಕ್ ಬದಲು ಅತ್ತಿಯನ್ನೋ ಗೋಣಿ ಮರವನ್ನೋ ನೆಡಿ. ಸಿಲ್ವರ್ ಓಕಿನ ಸೀಳೆಲೆಯ ಸಂದಿಯಿಂದ ಬಿಸಿಲು ಜರಡಿ ಹಿಡಿದಂತೆ ಇಳಿಯುತ್ತದೆ. ಈ ಬೇಸಿಗೆಗೆ ಈಗಲೇ ಮಾಡಬಹುದಾದದ್ದು ಬುಡದ ನೀರು, ದರಗು, ಬಳ್ಳಿಯ ಪಡುವಲ ಕಡೆಗೆ ನಾಲ್ಕು ಸೊಪ್ಪಿನ ಕೊಂಬೆ ಅಡ್ಡ ನಿಲ್ಲಿಸುವುದು. ಬಿದ್ದ ಹುಳು ಕಂಡರೆ ಎಲೆಯ ಮೇಲೆ ಎತ್ತಿ ಹಲಸಿನ ನೆರಳಲ್ಲಿ ಬಿಡಿ.

ಮಗಳಿಗೆ ಒಂದು ಕೆಲಸ ಕೊಡಿ. ಮಧ್ಯಾಹ್ನ ಬಳ್ಳಿ ಬಿಟ್ಟವು ಎಷ್ಟು, ಸಂಜೆ ಐದಕ್ಕೆ ಮರಳಿದವು ಎಷ್ಟು ಎಂದು ಎಣಿಸಲಿ. ಲೆಕ್ಕ ತಾಳೆಯಾಗುವುದಿಲ್ಲ, ಒಂದೆರಡು ಕಡಿಮೆ ಬರುತ್ತವೆ. ಹಣ್ಣಾದ ಹುಳು ಸೆಖೆ ಇರಲಿ ಬಿಡಲಿ ಕೋಶ ಕಟ್ಟಲು ಬಳ್ಳಿ ಬಿಟ್ಟೇ ಹೋಗುತ್ತದೆ, ವಾಪಸು ಬರುವುದಿಲ್ಲ. ಅಂಥದ್ದನ್ನು ಹಲಸಿನ ತೊಗಟೆಯ ಸಂದಿಯಲ್ಲೋ ಬೇಲಿಯ ಕಡ್ಡಿಯಲ್ಲೋ ಹುಡುಕಬೇಕು. ಒಣಗಿ ಮುದುಡಿದ ಎಲೆಯ ಹಾಗೆ ಕಾಣುತ್ತದೆ, ಸೊಂಟಕ್ಕೆ ಮಾತ್ರ ಒಂದೆಳೆ ರೇಷ್ಮೆಯ ದಾರ ಕಟ್ಟಿರುತ್ತದೆ.